ಅತ್ತೆಯ ನೈಲಾನ್ ಸೀರೆ, ನಮ್ಮ ಕುಡಿಯುವ ನೀರು

ನಮ್ಮ ಮನೆಯಲ್ಲಿ ನೀರಿನ ವಿಷಯಕ್ಕೆ ಜಗಳ ಶುರುವಾದದ್ದು ನಮ್ಮನೆಯವರು ನಿವೃತ್ತರಾದ ಮೇಲೆ. ಅದಕ್ಕೆ ಮೊದಲು ನೀರು ಬಂತೇ, ಬರಲಿಲ್ಲವೇ ಎನ್ನುವುದಷ್ಟೇ ನಮ್ಮ ಚಿಂತೆಯಾಗಿತ್ತು. ಜಯನಗರದ ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಬಂದಾಗ ಸಂಪು ತುಂಬಿಸಿ, ಅಡುಗೆಮನೆಯ ನಲ್ಲಿಯಲ್ಲಿ ಕುಡಿಯುವುದಕ್ಕೆ ಹಿಡಿದಿಟ್ಟು, ಆಮೇಲೆ ಅದನ್ನು ಮರೆತುಬಿಡುವುದು ನಮ್ಮ ರೂಢಿ. ಅಷ್ಟು ದೂರದಿಂದ ಏರು ಹತ್ತಿಕೊಂಡು, ಕನಕಪುರ ರಸ್ತೆಯ ಅಂಚಿನ ಪೈಪುಗಳಲ್ಲಿ ಕೋಣನಕುಂಟೆ ದಾಟಿ, ನಮ್ಮ ಬಿಂದಿಗೆಗೆ ಬಂದು ಬೀಳುವುದು ಒಂದು ನದಿ ಎಂದು ಯೋಚಿಸುವಷ್ಟು ಪುರುಸೊತ್ತು ಯಾರಿಗಿತ್ತು? ನಮ್ಮನೆಯವರಿಗೆ ಪುರುಸೊತ್ತು ಸಿಕ್ಕಿತು. ಎಡವಟ್ಟಾದದ್ದು ಅಲ್ಲೇ.

ಇವರು ಜೀವಮಾನವೆಲ್ಲ ದುಡಿದದ್ದು ಪ್ಲಾಸ್ಟಿಕ್ ಪೈಪು, ನೀರಿನ ಟ್ಯಾಂಕು ಮಾಡುವ ಒಂದು ಕಂಪನಿಯ ಸೇಲ್ಸ್ ವಿಭಾಗದಲ್ಲಿ. ಬಿಟಿಎಂ ಲೇಔಟಿನಲ್ಲಿ ಪಿಜಿ ಕಟ್ಟಡಗಳು ನಾ ಮುಂದು ತಾ ಮುಂದು ಎಂದು ಏಳುತ್ತಿದ್ದ ಕಾಲದಲ್ಲಿ ಅವುಗಳ ನೆತ್ತಿಯ ಮೇಲೆ ಕೂತ ಕರಿ ಟ್ಯಾಂಕುಗಳಲ್ಲಿ ಎಷ್ಟೋ ಇವರೇ ಮಾರಿದ್ದು. ಅದಕ್ಕೂ ಹಿಂದೆ, ಮದುವೆಯಾದ ಹೊಸತರಲ್ಲಿ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಊರು ಸುತ್ತಿಸುವಾಗಲೂ ಲಾಲ್‌ಬಾಗಿನ ಹೂವಿಗಿಂತ ತಾವು ಮಾರಿದ ಟ್ಯಾಂಕುಗಳನ್ನೇ ಹೆಚ್ಚು ತೋರಿಸಿದ್ದರು. ನಾನೂ ಹೊಸ ಹೆಂಡತಿಯಾದ್ದರಿಂದ ಕತ್ತೆತ್ತಿ ನೋಡಿ ಚೆನ್ನಾಗಿದೆ ಎಂದಿದ್ದೆ.

ಅಂಥ ಮನುಷ್ಯ ಒಂದು ಬೆಳಿಗ್ಗೆ ಯಾವುದೋ ಲೇಖನ ಓದಿ, ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಪ್ರಪಂಚದ ದೊಡ್ಡ ದೊಡ್ಡ ನದಿಗಳಲ್ಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಚೂರುಗಳು ತುಂಬಿಕೊಂಡಿವೆ, ಅದಕ್ಕೆ ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ, ಕಾವೇರಿಯನ್ನೂ ಅದು ಬಿಟ್ಟಿಲ್ಲ, ನಮ್ಮ ಲೋಟದಲ್ಲೂ ಇರಬಹುದು ಎಂದರು. ಹೇಳುವಾಗ ಮುಖದಲ್ಲಿ ನಿಜವಾದ ಸಂಕಟವಿತ್ತು. ಪಾಪ, ಇಷ್ಟು ವರ್ಷ ಮಾರಿದ್ದೆಲ್ಲ ಪುಡಿಪುಡಿಯಾಗಿ ವಾಪಸ್ಸು ಮನೆಗೇ ಬರುತ್ತಿದೆಯೇನೋ ಎನ್ನಿಸಿರಬೇಕು.

ಎದುರಿಗೆ ಕೂತಿದ್ದವರು ನಮ್ಮ ಅತ್ತೆ. ಎಂಬತ್ತು ದಾಟಿದೆ. ಬಸವನಗುಡಿಯ ವಠಾರದಲ್ಲಿ ಸಂಸಾರ ಶುರು ಮಾಡಿ, ಮಾವನವರ ಜೊತೆ ಜಯನಗರಕ್ಕೆ ಬಂದು, ಮಾವನವರು ಹೋದ ಮೇಲೂ ಮನೆಯ ಯಜಮಾನಿಕೆಯನ್ನು ಯಾರಿಗೂ ಬಿಟ್ಟುಕೊಡದೆ ಇರುವವರು. ಮಗನ ಮಾತನ್ನು ಕೊನೆಯವರೆಗೂ ಕೇಳಿ, ಉಪ್ಪಿಟ್ಟಿನ ಗೋಡಂಬಿಯನ್ನು ಅಗಿದು ಮುಗಿಸಿ ಹೇಳಿದರು:

"ಕಣ್ಣಿಗೆ ಕಾಣ್ಸಲ್ಲ ಅಂತೀಯ, ನಾಲಿಗೆಗೆ ಗೊತ್ತಾಗಲ್ಲ ಅಂತೀಯ, ಆದ್ರೂ ಎಲ್ಲಾ ಕಡೆ ಇದೆ ಅಂತೀಯ. ನೀನು ಕಾಲೇಜಿನಲ್ಲಿದ್ದಾಗ ನಾನು ದೇವ್ರ ಬಗ್ಗೆ ಇದೇ ಮೂರು ಮಾತು ಹೇಳಿದ್ದೆ. ಆಗ ನೀನು ನಕ್ಕಿದ್ದೆ."

ಇವರು ಸೋಲುವವರಲ್ಲ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎನ್ನುವ ಹಾಗೆ, ಮೊದಲ ತಿಂಗಳು ಅಡುಗೆಮನೆ ನನ್ನ ಕೈ ತಪ್ಪಿಹೋಯಿತು. ಬೇಳೆ ಡಬ್ಬಿಗಳು ಹೋಗಿ ಸ್ಟೀಲು ಬಂತು. ಟೀ ಸೋಸುವ ಜರಡಿ ಹೋಯಿತು. ನಾನು ಫ್ರಿಜ್ಜಿನಲ್ಲಿ ಕೂಡಿಟ್ಟಿದ್ದ ಐಸ್‌ಕ್ರೀಮಿನ ಡಬ್ಬಗಳು, ಅಂದರೆ ಯಾವ ಗೃಹಿಣಿಗೂ ಪ್ರಾಣಸಮಾನವಾದ ಆಸ್ತಿ, ಒಂದು ಮಧ್ಯಾಹ್ನ ನಾನು ಮಲಗಿದ್ದಾಗ ಮಾಯವಾದವು. ಆಮೇಲೆ ಇವರ ಕಣ್ಣು ನಲ್ಲಿಯ ಮೇಲೆ ಬಿತ್ತು.

ನಲ್ಲಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟುವುದು ಬೆಂಗಳೂರಿನ ಹಳೆಯ ಮನೆಗಳ ಪದ್ಧತಿ. ಮಣ್ಣು, ತುಕ್ಕು ನಿಲ್ಲುತ್ತದೆ ಎಂದು ಕಟ್ಟುತ್ತಾರೆ. ನಾವು ಅದನ್ನು ಯಾವಾಗಲೋ ಬಿಟ್ಟಿದ್ದೆವು. ಇವರು ಮತ್ತೆ ಶುರು ಮಾಡಿದರು. ಒಂದು ಪದರವಲ್ಲ, ನಾಲ್ಕು ಮಡಿಕೆ ಹಾಕಿ, ಮೇಲೆ ದಾರ ಸುತ್ತಿ ಬಿಗಿದರು. ನೀರು ಹೊರಗೆ ಬರುವುದಕ್ಕೆ ಸಂಕೋಚಪಟ್ಟುಕೊಂಡು ತೊಟ್ಟಿಕ್ಕುತ್ತಿತ್ತು. ಒಂದು ಬಿಂದಿಗೆ ತುಂಬುವಷ್ಟರಲ್ಲಿ ನನ್ನ ಸಾರು ಕುದಿದು ಆರುತ್ತಿತ್ತು. ಇವರು ಮಾತ್ರ ದಿನಾ ಬೆಳಿಗ್ಗೆ ಆ ಬಟ್ಟೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು, ಅದರಲ್ಲಿ ನಿಂತ ಕೆಂಪು ಕೊಳೆಯನ್ನು ನನಗೆ ತೋರಿಸಿ, "ನೋಡು, ಇದೆಲ್ಲಾ ಹೊಟ್ಟೆಗೆ ಹೋಗ್ತಿತ್ತು" ಎನ್ನುತ್ತಿದ್ದರು.

ಇದು ಹೀಗೆ ನಡೆಯುತ್ತಿದ್ದಾಗ ಒಂದು ದಿನ ಅತ್ತೆ ಅಡುಗೆಮನೆಗೆ ಬಂದು ನಲ್ಲಿಯ ಮುಂದೆ ನಿಂತರು. ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದರು.

"ಇದು ಆ ಚಿಕ್ಕಲಸಂದ್ರದ ಗೃಹಪ್ರವೇಶದಲ್ಲಿ ಕೊಟ್ಟ ಪಂಚೆ ತಾನೆ?" ಎಂದು ಕೇಳಿದರು.

ಹೌದು, ಅದೇ. ನಮ್ಮ ಕಡೆ ಗೃಹಪ್ರವೇಶಕ್ಕೆ ಹೋದವರಿಗೆಲ್ಲ ಒಂದು ಪಂಚೆಯೋ ಬ್ಲೌಸ್ ಪೀಸೋ ಕೊಟ್ಟು ಕಳಿಸುತ್ತಾರಲ್ಲ, ಅಂಥದ್ದು. ಯಾರೂ ಉಡದೆ, ಒಂದು ಸಮಾರಂಭದಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತಾ ಬದುಕುವ ಪಂಚೆ. ಅತ್ತೆ ಅದನ್ನು ದೀಪದ ಬತ್ತಿ ಹೊಸೆಯಲು ತೆಗೆದುಕೊಂಡು, ಬೇಡವೆಂದು ವಾಪಸ್ಸು ಇಟ್ಟಿದ್ದರು. ಇವರಿಗೆ ಅದು ಸಿಕ್ಕಿತ್ತು. ಅತ್ತೆ ಅಂಚಿನಿಂದ ಒಂದು ಎಳೆ ಕಿತ್ತು, ಗ್ಯಾಸು ಹಚ್ಚಿ, ಇಕ್ಕಳದಲ್ಲಿ ಹಿಡಿದು ಉರಿಗೆ ತೋರಿಸಿದರು. ಎಳೆ ಹತ್ತಿಯ ಹಾಗೆ ಉರಿದು ಬೂದಿಯಾಗುವ ಬದಲು ಮುದುಡಿಕೊಂಡು, ಸಾಸಿವೆಯಂಥ ಒಂದು ಕರಿ ಗಂಟಾಗಿ ನಿಂತಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು.

"ದೇವ್ರ ಮುಂದೆ ಹೀಗೇ ನಾತ ಹೊಡೀತು ಅಂತಾನೇ ನಾನು ಬತ್ತಿಗೆ ಬೇಡ ಅಂದಿದ್ದು," ಎಂದರು ಅತ್ತೆ. "ಅರ್ಧಕ್ಕರ್ಧ ಪಾಲಿಯೆಸ್ಟರು. ನೀನು ಪ್ಲಾಸ್ಟಿಕ್ಕನ್ನ ಪ್ಲಾಸ್ಟಿಕ್ಕಿನಲ್ಲೇ ಸೋಸ್ತಿದ್ದೀಯ ಕಣೋ."

ಇವರು ದಾರ ಬಿಚ್ಚಿದರು. ನಾನು ನಗಲಿಲ್ಲ. ನಗಲಿಲ್ಲ ಎಂದರೆ, ಇವರು ಹಿತ್ತಿಲಿಗೆ ಹೋಗುವವರೆಗೂ ನಗಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಇದು ನೆಂಟರ ಮುಂದೆ ಹೇಳಿಕೊಂಡು ನಗುವ ಕಥೆಯಾಗಿ ಉಳಿಯುತ್ತಿತ್ತು. ಆದರೆ ಅದೇ ವರ್ಷ ಅಕ್ಟೋಬರಿನಲ್ಲಿ, ತುಲಾ ಮಾಸ ಹುಟ್ಟಿದ ವಾರ, ಅತ್ತೆ ಒಂದು ಮಾತು ಹೇಳಿದರು. ಆ ತಿಂಗಳು ಕಾವೇರಿಯಲ್ಲಿ ಸ್ನಾನ ಮಾಡಿದರೆ ಪುಣ್ಯ ಎಂದು ನಮ್ಮವರ ನಂಬಿಕೆ. ಅತ್ತೆ ತಮ್ಮ ಕೋಣೆಯ ಟ್ರಂಕಿನಿಂದ ಒಂದು ಸೀರೆ ತೆಗೆದು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ಕರೆದರು.

"ಈ ಸಲ ನನ್ನನ್ನ ಶ್ರೀರಂಗಪಟ್ಟಣಕ್ಕೆ ಕರ್ಕೊಂಡು ಹೋಗಿ. ಪಶ್ಚಿಮವಾಹಿನೀಲಿ ಸ್ನಾನ ಮಾಡಿ ಈ ಸೀರೆ ಅಲ್ಲೇ ಬಿಟ್ಟು ಬರ್ತೀನಿ."

ಅದು ಗುಲಾಬಿ ಬಣ್ಣದ ನೈಲಾನ್ ಸೀರೆ. ಮೈತುಂಬ ಸಣ್ಣ ಬಿಳಿ ಹೂವು. ಮಾವನವರು ಯಾವುದೋ ಕಾಲದಲ್ಲಿ ಆಫೀಸಿನ ಕೆಲಸಕ್ಕೆ ಬೊಂಬಾಯಿಗೆ ಹೋದಾಗ ತಂದದ್ದು. ಆಗ ನೈಲಾನ್ ಎಂದರೆ ರೇಷ್ಮೆಗಿಂತ ಒಂದು ಕೈ ಮೇಲು. ಬಣ್ಣ ಹೋಗುವುದಿಲ್ಲ, ಇಸ್ತ್ರಿ ಬೇಡ, ಎಳೆದರೂ ಹರಿಯುವುದಿಲ್ಲ. ವಠಾರದ ಹೆಂಗಸರೆಲ್ಲ ಬಂದು ಮುಟ್ಟಿ ನೋಡಿ ಹೋಗಿದ್ದರಂತೆ. ಅತ್ತೆ ಅದನ್ನು ಉಟ್ಟ ಫೋಟೋ ನಮ್ಮ ಹಾಲಿನಲ್ಲಿದೆ. ಮಾವನವರು ತೀರಿಕೊಂಡ ಮೇಲೆ ಅವರು ಬೇರೆ ಬಣ್ಣದ ಸೀರೆಗಳನ್ನೆಲ್ಲ ಉಟ್ಟರು, ಇದೊಂದನ್ನು ಮಾತ್ರ ಟ್ರಂಕಿಗೆ ಹಾಕಿದರು. ಉಡಬೇಡಿ ಎಂದು ಯಾರೂ ಹೇಳಿರಲಿಲ್ಲ. ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ.

ಪಶ್ಚಿಮವಾಹಿನಿಯೇ ಯಾಕೆ ಎನ್ನುವುದು ನನಗೆ ಕೇಳದೆಯೇ ಗೊತ್ತಾಯಿತು. ಮಾವನವರ ಅಸ್ಥಿ ಬಿಟ್ಟದ್ದು ಅಲ್ಲೇ. ನಮ್ಮ ಮನೆತನದಲ್ಲಿ ಅದಕ್ಕೆ ಗಂಡಸರಷ್ಟೇ ಹೋಗುವುದು. ಕಾರು ತುಂಬ ಹೋದ ಗಂಡಸರು ಬೂದಿ ಬಿಟ್ಟು, ಮುಳುಗೆದ್ದು, ಉಟ್ಟ ಬಟ್ಟೆಯನ್ನು ಪದ್ಧತಿಯಂತೆ ನೀರಿಗೇ ಬಿಟ್ಟು, ಬೇರೆ ಬಟ್ಟೆಯಲ್ಲಿ ಸಾಯಂಕಾಲ ಹಿಂತಿರುಗಿದ್ದರು. ಅತ್ತೆ ಹಾಲಿನಲ್ಲಿ ಕೂತಿದ್ದರು. ಅಲ್ಲಿ ಏನಾಯಿತು, ಹೇಗಾಯಿತು ಎಂದು ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಐವತ್ತಕ್ಕೂ ಹೆಚ್ಚು ವರ್ಷ ಜೊತೆಗಿದ್ದವರಿಗೆ ಕೊನೆಗೆ ಒಂದು ಹೋಗಿ ಬನ್ನಿ ಹೇಳುವ ಅವಕಾಶವೂ ಸಿಗಲಿಲ್ಲ. ನನಗೆ ಆಗಲೂ ಅದು ಸರಿ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ರಾತ್ರಿ ಊಟದ ಹೊತ್ತಿಗೆ ವಿಷಯ ಇವರ ಕಿವಿಗೆ ಹಾಕಿದೆ. ಹೋಗೋಣ, ಅದಕ್ಕೇನಂತೆ, ಎಂದು ಶುರು ಮಾಡಿದ ಮನುಷ್ಯ ಸೀರೆಯ ಮಾತು ಬಂದ ಕೂಡಲೇ ತುತ್ತು ತಟ್ಟೆಗೆ ಹಾಕಿದರು.

"ಅಮ್ಮ, ಅದು ನೈಲಾನು. ಶುದ್ಧ ಪ್ಲಾಸ್ಟಿಕ್ಕು. ನದೀಲಿ ಬಿಟ್ರೆ ಕರಗಲ್ಲ. ಕಲ್ಲಿಗೆ ತಿಕ್ಕಿ ತಿಕ್ಕಿ ಎಳೆ ಎಳೆಯಾಗಿ, ಪುಡಿಯಾಗಿ, ಮೀನಿನ ಹೊಟ್ಟೆ ಸೇರುತ್ತೆ. ಶ್ರೀರಂಗಪಟ್ಟಣದಿಂದ ಕೆಳಕ್ಕೆ ಹರಿದಿದ್ದನ್ನೇ ತಾನೆ ಬೆಂಗಳೂರಿಗೆ ಪಂಪ್ ಮಾಡೋದು? ನೀನು ಬಿಟ್ಟ ಸೀರೆನ ನಾವೇ ಕುಡೀಬೇಕಾಗುತ್ತೆ."

"ನಿಮ್ಮಪ್ಪನ ಬೂದಿ ಬಿಟ್ಟು ಬಂದ ಮೇಲೂ ಅದೇ ನೀರು ತಾನೆ ಕುಡಿದಿದ್ದು?" ಎಂದರು ಅತ್ತೆ.

"ಬೂದಿ ಕರಗಿಹೋಗುತ್ತೆ ಅಮ್ಮ," ಎಂದರು ಇವರು.

"ಅದಕ್ಕೇ ಹೇಳ್ತಿರೋದು ನಾನು. ಅವರು ಕರಗಿಹೋದ್ರು. ಸೀರೆನಾದ್ರೂ ಅಲ್ಲಿ ಇರ್ಲಿ."

ಇದಕ್ಕೆ ಇವರು ಓದಿದ ಯಾವ ಲೇಖನದಲ್ಲೂ ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ಗಂಡಸರು ಮಾಡುವುದನ್ನೇ ಇವರೂ ಮಾಡಿದರು. ಮಾತು ಬಿಟ್ಟರು. ಅತ್ತೆಯೂ ಬಿಟ್ಟರು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುವ ಗಾದೆ ಮಾಡಿದವರು ನಮ್ಮ ಮನೆಯ ಮಗನನ್ನು ನೋಡಿರಲಿಲ್ಲ.

ಸುಮಾರು ಒಂದು ವಾರ ಇಬ್ಬರೂ ನನ್ನ ಮೂಲಕ ಮಾತಾಡಿದರು. "ನಿನ್ನ ಗಂಡನಿಗೆ ಹೇಳು, ಬಿಪಿ ಮಾತ್ರೆ ಮುಗಿದಿದೆ." "ಅಮ್ಮಂಗೆ ಹೇಳು, ತಂದು ದೇವರ ಗೂಡಿನ ಪಕ್ಕ ಇಟ್ಟಿದ್ದೀನಿ." ನಾನು ಕೆಲಸ ಮಾಡಿದ್ದು ಟೆಲಿಫೋನ್ ಆಫೀಸಿನಲ್ಲಿ. ಒಂದು ತುದಿಯವರನ್ನು ಇನ್ನೊಂದು ತುದಿಗೆ ಜೋಡಿಸುವುದೇ ನನ್ನ ಉದ್ಯೋಗವಾಗಿತ್ತು. ಆದರೆ ಅಲ್ಲಿ ಎರಡೂ ತುದಿಯವರು ಒಂದೇ ಸೋಫಾದ ಮೇಲೆ ಕೂತಿರುತ್ತಿರಲಿಲ್ಲ.

ನಡುವೆ ಇವರು ಒಂದು ಉಪಾಯ ಹೂಡಿದರು. ಜಯನಗರದ ಫೋರ್ತ್ ಬ್ಲಾಕಿನ ಅಂಗಡಿ ಬೀದಿಗೆ ಹೋಗಿ, ಅಂಗಡಿಯವನಿಗೆ ನೂರೆಂಟು ಪ್ರಶ್ನೆ ಕೇಳಿ, ಅಪ್ಪಟ ಹತ್ತಿಯ ಒಂದು ಸೀರೆ ತಂದರು. ಬಣ್ಣ ಗುಲಾಬಿಯೇ. ಅದನ್ನು ನನ್ನ ಕೈಲಿ ಕೊಟ್ಟು, "ಅಮ್ಮ ಇದನ್ನ ಬಿಡ್ಲಿ, ಆಗ ಎಲ್ಲಾ ಸರಿಹೋಗುತ್ತೆ" ಎಂದರು. ಅತ್ತೆ ಸೀರೆಯನ್ನು ಬಿಡಿಸಿ, ಸೆರಗು ನೋಡಿ, ಒಂದು ಎಳೆ ಕಿತ್ತು ಒಲೆಯ ಮೇಲೆ ಹಿಡಿದು, ಬೂದಿಯಾದದ್ದನ್ನು ಕಂಡು ತಲೆದೂಗಿದರು.

"ಚೆನ್ನಾಗಿದೆ ಅಂತ ಹೇಳು. ಮನೇಲಿ ಉಡ್ತೀನಿ," ಎಂದರು.

ನಾನು ಯಾರ ಪಕ್ಷ ಎಂದು ನೀವು ಕೇಳಬಹುದು. ಲೆಕ್ಕಕ್ಕೆ ಇವರ ಮಾತೇ ಸರಿ. ಅತ್ತೆಯ ಮುಖ ನೋಡಿದಾಗ ಮಾತ್ರ ಆ ಲೆಕ್ಕ ಎಲ್ಲಿಗೋ ಹೋಗುತ್ತಿತ್ತು. ಅವರಿಗೆ ಇನ್ನೆಷ್ಟು ತುಲಾ ಮಾಸ ಬರುತ್ತದೋ ಯಾರಿಗೆ ಗೊತ್ತು? ಒಂದು ಸಂಜೆ ಇವರನ್ನು ಹಿತ್ತಿಲಿಗೆ ಕರೆದು ಹೇಳಿದೆ: "ರೀ, ಕರ್ಕೊಂಡು ಹೋಗಿ. ಸೀರೆ ವಿಷ್ಯ ಅಲ್ಲಿ ನೋಡ್ಕೊಳ್ಳೋಣ. ನೀವು ಪೈಪು ಮಾರಿದ್ದಕ್ಕೆ ಅವರು ಯಾಕೆ ಪ್ರಾಯಶ್ಚಿತ್ತ ಮಾಡ್ಕೋಬೇಕು?" ಇವರಿಗೆ ಸಿಟ್ಟು ಬಂತು. ಮರುದಿನ ಕಾರಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದರು.

ಹೊರಡುವ ಬೆಳಿಗ್ಗೆ ಅತ್ತೆ ಕೋಣೆಯಿಂದ ಹೊರಗೆ ಬಂದಾಗ ಆ ಗುಲಾಬಿ ನೈಲಾನ್ ಸೀರೆ ಉಟ್ಟಿದ್ದರು. ಉಟ್ಟ ಬಟ್ಟೆಯನ್ನೇ ತಾನೆ ನದಿಗೆ ಬಿಡಬೇಕಾದದ್ದು? ಕಾರಿನ ಬೀಗದಕೈ ಹುಡುಕುತ್ತಿದ್ದ ಇವರು ತಲೆಯೆತ್ತಿ ನೋಡಿದರು. ಫೋಟೋದಲ್ಲಿ ಇದ್ದ ಬಣ್ಣವೇ. ಒಂದು ಹೂವೂ ಮಾಸಿರಲಿಲ್ಲ. ಉಟ್ಟವರು ಮಾತ್ರ ಅರ್ಧದಷ್ಟಾಗಿದ್ದರು. ಇವರು ಏನೋ ಹೇಳಲು ಬಾಯಿ ತೆರೆದು, ಬೀಗದಕೈ ಸಿಕ್ಕಿತು ಎಂದು ಹೇಳಿ ಹೊರಗೆ ಹೋದರು.

ದಾರಿಯಲ್ಲಿ ತಿಂಡಿಗೆ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನಬೇಕೆಂದು ಹೈವೇ ಬಿಟ್ಟು ಹಳೆಯ ರಸ್ತೆ ಹಿಡಿದೆವು. ಇವರು ಹೋಟೆಲಿನಲ್ಲಿ ಕೂರಲಿಲ್ಲ. ನೆಟ್ಟಗೆ ಅಡುಗೆಯವರು ನಿಂತಿದ್ದ ಕಡೆ ಹೋಗಿ, ಇಡ್ಲಿ ಬೇಯಿಸುವುದಕ್ಕೆ ತಟ್ಟೆಗೆ ಬಟ್ಟೆ ಹಾಕುತ್ತೀರೋ ಪ್ಲಾಸ್ಟಿಕ್ ಹಾಳೆ ಹಾಕುತ್ತೀರೋ ಎಂದು ವಿಚಾರಿಸಿದರು. "ಬಟ್ಟೆನೇ ಸಾರ್, ಬೇಕಾದ್ರೆ ನೋಡಿ" ಎಂದ ಅಡುಗೆಯವನು. ಇವರು ಬಟ್ಟೆಯನ್ನು ಎತ್ತಿ ನೋಡುತ್ತಿದ್ದಾಗ ಅತ್ತೆ ದೂರದಿಂದಲೇ ನನಗೆ ಹೇಳಿದರು: "ಒಂದು ಎಳೆ ಕಿತ್ತು ಸುಟ್ಟು ನೋಡು ಅಂತ ಹೇಳು." ವಾರದ ನಂತರ ಮೊದಲ ಸಲ ಇವರು ನಕ್ಕರು. ಅತ್ತೆ ನಗಲಿಲ್ಲ, ಆದರೆ ಎರಡನೆಯ ಇಡ್ಲಿ ಹಾಕಿಸಿಕೊಂಡರು.

ಪಶ್ಚಿಮವಾಹಿನಿಗೆ ಬಂದಾಗ ಬಿಸಿಲೇರಿತ್ತು. ಕಾವೇರಿ ಅಲ್ಲಿ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗಿ ಹರಿಯುತ್ತಾಳೆ, ಅದಕ್ಕೇ ಆ ಹೆಸರು. ಮೆಟ್ಟಿಲುಗಳ ಮೇಲೆ ಜನ. ಅಲ್ಲಲ್ಲಿ ಪುರೋಹಿತರು, ತಲೆ ಬೋಳಿಸಿಕೊಂಡ ಗಂಡಸರು, ಹೂವು, ಎಳ್ಳು, ಬಾಳೆಲೆ. ಅಸ್ಥಿಯ ಕುಡಿಕೆ ಸುತ್ತಿ ತಂದ ಕವರುಗಳು ನೀರಿನ ಅಂಚಿನಲ್ಲಿ ತೇಲುತ್ತಿದ್ದವು. ಸ್ವಲ್ಪ ಆಚೆ ಕಲ್ಲುಗಳ ಸಂದಿಯಲ್ಲೆಲ್ಲ ಬಟ್ಟೆ. ಮೊದಲು ನಾನು ಯಾರೋ ಒಗೆದು ಹರವಿದ್ದಾರೆ ಎಂದುಕೊಂಡೆ. ಆಮೇಲೆ ನೋಡಿದರೆ ಅವು ಬಿಟ್ಟುಹೋದ ಬಟ್ಟೆಗಳು. ಪ್ಯಾಂಟು, ಶರ್ಟು, ಪಂಚೆ, ಸೀರೆ, ಒಂದರ ಮೇಲೊಂದು ಸುತ್ತಿಕೊಂಡು ಪಾಚಿ ಹಿಡಿದು ಕಲ್ಲಿಗೆ ಅಂಟಿಕೊಂಡಿದ್ದವು. ಒಬ್ಬಾತ ಬಿದಿರು ಗಳದಲ್ಲಿ ಅವುಗಳನ್ನು ಎಳೆದು ಎಳೆದು ದಡಕ್ಕೆ ಹಾಕುತ್ತಿದ್ದ. ಅವನು ಎಳೆಯುತ್ತಿದ್ದಂತೆ ಮೇಲಿನ ಮೆಟ್ಟಿಲುಗಳಿಂದ ಇನ್ನಷ್ಟು ಬರುತ್ತಿತ್ತು.

ಇಂಥ ಅವಕಾಶ ಸಿಕ್ಕರೆ ಅರ್ಧ ಗಂಟೆ ಭಾಷಣ ಮಾಡುವ ಇವರು, ಕೈ ಕಟ್ಟಿಕೊಂಡು ಮೇಲಿನ ಮೆಟ್ಟಿಲ ಮೇಲೆ ನಿಂತುಬಿಟ್ಟರು.

ಅತ್ತೆ ನನ್ನ ಕೈ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ನೀರು ತಣ್ಣಗಿತ್ತು. ಮೊಣಕಾಲಿನವರೆಗೆ ಬಂದಾಗ ನಿಂತು, ಸಂಕಲ್ಪದ ಮಾತುಗಳನ್ನು ತಾವೇ ಹೇಳಿಕೊಂಡು, ನನ್ನ ಆಸರೆಯಲ್ಲಿ ಕೂತು ಮೂರು ಸಲ ಮುಳುಗಿದರು. ಮೇಲೆದ್ದಾಗ ಗುಲಾಬಿ ಸೀರೆ ಮೈಗೆ ಅಂಟಿಕೊಂಡು ಅವರು ಇನ್ನೂ ಸಣ್ಣಗೆ ಕಂಡರು. ಪಕ್ಕದಲ್ಲಿದ್ದ ಪುರೋಹಿತರು, "ಹಾಗೇ ಬಿಟ್ಟುಬಿಡಿ ಅಮ್ಮ, ಮೇಲೆ ಟವೆಲ್ ಹಿಡೀತಾರೆ, ಬೇರೆ ಉಟ್ಕೊಳ್ಳಿ" ಎಂದರು. ಅತ್ತೆ ಹೂಂ ಎಂದು ಒಂದು ಹೆಜ್ಜೆ ಹಿಂದಿಟ್ಟರು. ಅಷ್ಟರಲ್ಲಿ ಕಾಲಿಗೆ ಏನೋ ತೊಡರಿ ವಾಲಿದರು. ನಾನು ಗಟ್ಟಿಯಾಗಿ ಹಿಡಿದುಕೊಂಡೆ.

"ಏನೋ ಸುತ್ಕೊಂಡಿದೆ ಕಣೆ," ಎಂದರು.

ನಾನು ಬಗ್ಗಿ ನೀರಿನೊಳಗೆ ಕೈ ಹಾಕಿ ಎಳೆದೆ. ಎಳೆದಷ್ಟೂ ಬಂತು. ಅದೊಂದು ಸೀರೆ. ಹಸಿರು ಬಣ್ಣ, ಅಂಚಿನಲ್ಲಿ ಮಾವಿನಕಾಯಿಯ ಚಿತ್ರ. ಮೇಲೆಲ್ಲ ಲೋಳೆ. ಅತ್ತೆ ಅದರ ಒಂದು ತುದಿಯನ್ನು ಕೈಗೆ ತೆಗೆದುಕೊಂಡು ನೀರಿನಲ್ಲಿ ಅಲ್ಲಾಡಿಸಿ ತೊಳೆದರು. ಲೋಳೆ ಹೋದ ಕಡೆ ಹಸಿರು ಹೊಸದರಂತೆ ಕಂಡಿತು. ಎಷ್ಟು ಕಾಲದಿಂದ ಅಲ್ಲಿತ್ತೋ ಗೊತ್ತಿಲ್ಲ. ಅವರು ಅದನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಸುಡುವ ಅಗತ್ಯವಿರಲಿಲ್ಲ.

"ಯಾರ ಹೆಂಡ್ತಿದೋ," ಎಂದರು. ತುದಿಯನ್ನು ಇನ್ನೂ ಹಿಡಿದುಕೊಂಡೇ, "ಎಲ್ಲರ ಕಾಲಿಗೂ ಸಿಕ್ಕಿ ತುಳಿಸ್ಕೊಳ್ತಾ ಬಿದ್ದಿದೆ," ಎಂದರು.

ಅವರು ಅಳುತ್ತಿದ್ದರೋ, ಮುಖದ ಮೇಲಿದ್ದದ್ದು ನದಿಯ ನೀರೋ ನನಗೆ ಗೊತ್ತಾಗಲಿಲ್ಲ. ನನಗಂತೂ ಅಳು ಬಂದಿತ್ತು.

ಮೇಲೆ ನಿಂತಿದ್ದ ಇವರು ತಾಯಿ ವಾಲಿದ್ದನ್ನು ನೋಡಿ ಪ್ಯಾಂಟು ಕೂಡ ಮಡಿಸಿಕೊಳ್ಳದೆ ನೀರಿಗೆ ಇಳಿದು ಬಂದಿದ್ದರು. ತಾಯಿಯ ಇನ್ನೊಂದು ತೋಳು ಹಿಡಿದು ನಿಂತರು. ಆ ಹಸಿರು ಸೀರೆಯನ್ನೂ, ತಾಯಿಯ ಮುಖವನ್ನೂ ನೋಡಿದರು. ಆಮೇಲೆ, ನಾನು ಕನಸಿನಲ್ಲೂ ನಿರೀಕ್ಷಿಸದ ಮಾತು ಹೇಳಿದರು:

"ಬಿಟ್ಬಿಡಮ್ಮ. ನಿನ್ನ ಆಸೆ ಅದು. ಒಂದು ಸೀರೆಯಿಂದ ಕಾವೇರಿಗೆ ಏನೂ ಆಗಲ್ಲ."

ಅತ್ತೆ ಮಗನನ್ನು ನೋಡಿದರು. ಕಲ್ಲುಗಳ ಮೇಲಿನ ಬಟ್ಟೆಯ ರಾಶಿಯನ್ನು ನೋಡಿದರು.

"ಎಲ್ಲರ ಮಕ್ಕಳೂ ಹೀಗೇ ಹೇಳಿರ್ತಾರೆ ಕಣೋ," ಎಂದರು.

ಆಮೇಲೆ ಕೇಳಿದರು: "ಅವರನ್ನ ಎಲ್ಲಿ ಬಿಟ್ಟೆ ನೀನು?"

ಇಷ್ಟು ವರ್ಷಗಳಲ್ಲಿ ಅವರು ಅದನ್ನು ಕೇಳಿದ್ದು ಅದೇ ಮೊದಲು. ಇವರು ಕೈ ತೋರಿಸಿದರು. "ಅಲ್ಲಿ, ಆ ಚಪ್ಪಟೆ ಕಲ್ಲಿನ ಹತ್ರ. ಅವತ್ತು ನೀರು ಕಮ್ಮಿ ಇತ್ತು. ನಾನು ಕಲ್ಲಿನ ಮೇಲೆ ಕೂತು, ಕೈ ನೀರಿನೊಳಗೇ ಇಟ್ಕೊಂಡು ನಿಧಾನಕ್ಕೆ ಬಿಟ್ಟೆ ಅಮ್ಮ. ಸುರೀಲಿಲ್ಲ." ಅರವತ್ತು ದಾಟಿದ ಗಂಡಸು, ಮೊಣಕಾಲುದ್ದ ನೀರಿನಲ್ಲಿ ಅಮ್ಮನ ತೋಳು ಹಿಡಿದುಕೊಂಡು ಅತ್ತರು. ಅತ್ತೆ ಆ ಕಲ್ಲಿನ ಕಡೆ ತುಂಬ ಹೊತ್ತು ನೋಡಿದರು. ಕೈ ಮುಗಿದರು. ತುಟಿ ಅಲ್ಲಾಡಿತು. ಏನು ಹೇಳಿದರು ಎಂದು ನಾನು ಕೇಳಿಸಿಕೊಳ್ಳಲು ಹೋಗಲಿಲ್ಲ, ಅದು ಅವರಿಬ್ಬರ ಮಾತು.

ಮೇಲೆ ಬಂದು, ನಾನು ಹಿಡಿದ ಟವೆಲಿನ ಮರೆಯಲ್ಲಿ ಅತ್ತೆ ಆ ಹತ್ತಿ ಸೀರೆ ಉಟ್ಟುಕೊಂಡರು. ನೈಲಾನ್ ಸೀರೆಯ ಒಂದು ತುದಿಯನ್ನು ಮಗನ ಕೈಗೆ ಕೊಟ್ಟರು, ಇನ್ನೊಂದು ತುದಿಯನ್ನು ತಾವು ಹಿಡಿದರು. ಇಬ್ಬರೂ ಎದುರುಬದುರಾಗಿ ನಿಂತು ಹಿಂಡಿದರು. ಪುರೋಹಿತರು ಹೀಗೆ ಬಟ್ಟೆ ವಾಪಸ್ಸು ತೆಗೆದುಕೊಂಡು ಹೋಗುವವರನ್ನು ನೋಡೇ ಇರಲಿಲ್ಲವೇನೋ, "ಮನೆಗೆ ತಗೊಂಡು ಹೋಗಬಾರದಮ್ಮ, ಪದ್ಧತಿ ಅಲ್ಲ" ಎಂದರು. "ತುಲಾ ಸ್ನಾನಕ್ಕೆ ಬಂದವಳು ನಾನು ಸ್ವಾಮಿ. ಅಸ್ಥಿ ಬಿಡೋಕೆ ನನ್ನನ್ನ ಯಾರೂ ಕರೀಲಿಲ್ಲ," ಎಂದರು ಅತ್ತೆ.

ಮದ್ದೂರಿಗೆ ಬರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಹರವಿದ್ದ ಸೀರೆ ಒಣಗಿತ್ತು. ನೈಲಾನಿನ ಗುಣವೇ ಅದು. ಅತ್ತೆ ಅದನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು, ಎಣ್ಣೆ ತಾಗದ ಹಾಗೆ ಕೈ ದೂರ ಚಾಚಿ ವಡೆ ತಿಂದರು.

ಮನೆಗೆ ಬಂದ ಮೇಲೆ ಅದು ಟ್ರಂಕಿಗೆ ಹೋಗಲಿಲ್ಲ. ಈಗ ಶುಕ್ರವಾರಗಳಲ್ಲಿ ಉಡುತ್ತಾರೆ. ಪಕ್ಕದ ಮನೆಯ ಆಂಟಿ ಇದು ಯಾವ ಅಂಗಡಿಯ ಹೊಸ ಡಿಸೈನ್ ಎಂದು ಕೇಳಿದ್ದಾರೆ. ಇವರು ಅದನ್ನು ವಾಷಿಂಗ್ ಮೆಷೀನಿಗೆ ಹಾಕಲು ಬಿಡುವುದಿಲ್ಲ. ಎಳೆ ಉದುರಿ ಚರಂಡಿಯ ಮೂಲಕ ಇನ್ಯಾವುದೋ ನದಿ ಸೇರುತ್ತದೆಯಂತೆ. ತಾವೇ ಹಿತ್ತಿಲಲ್ಲಿ ಬಕೆಟ್ಟಿನಲ್ಲಿ ಮೆಲ್ಲಗೆ ಅದ್ದಿ ತೆಗೆಯುತ್ತಾರೆ. ಆ ನೀರನ್ನು ಹತ್ತಿ ಬಟ್ಟೆಯಲ್ಲಿ, ಸುಟ್ಟು ಪರೀಕ್ಷೆ ಮಾಡಿದ ಹತ್ತಿ ಬಟ್ಟೆಯಲ್ಲಿ, ಸೋಸಿ ಚೆಲ್ಲುತ್ತಾರೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಒಂದು ಕರ್ಚೀಫನ್ನೂ ಒಗೆದವರಲ್ಲ ಎನ್ನುವುದನ್ನು ಇಲ್ಲಿ ಬರೆದಿಡುತ್ತೇನೆ.

ಹೋದ ಶನಿವಾರ ಇವರು ಹಾಗೆ ಸೀರೆ ಹಿಂಡುತ್ತಿದ್ದಾಗ ಅತ್ತೆ ಹಿತ್ತಿಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ಕರಿಬೇವು ಬಿಡಿಸುತ್ತಿದ್ದೆ.

"ನಾನು ಹೋದ್ಮೇಲೆ ಇದನ್ನ ಏನ್ ಮಾಡ್ತೀಯೋ?" ಎಂದು ಕೇಳಿದರು ಅತ್ತೆ.

ಪ್ಲಾಸ್ಟಿಕ್ಕನ್ನು ಎಲ್ಲಿ ಹಾಕಬೇಕು, ಏನು ಮಾಡಬೇಕು ಎಂದು ಯಾರು ಕೇಳಿದರೂ, ಕೇಳದಿದ್ದರೂ, ಹೇಳುವ ಮನುಷ್ಯ. ಹಿಂಡುತ್ತಿದ್ದ ಕೈ ನಿಂತಿತು. ಸೀರೆಯಿಂದ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.

"ಇಟ್ಕೋತೀನಿ ಅಮ್ಮ," ಎಂದರು.

ಅತ್ತೆ ಸರಿ ಎನ್ನುವಂತೆ ತಲೆಯಾಡಿಸಿದರು. ಇವರು ಸೀರೆಯನ್ನು ತಂತಿಯ ಮೇಲೆ ಹರವಿ, ಮುದುರಿದ್ದ ಅಂಚನ್ನು ಎರಡೂ ಕೈಯಲ್ಲಿ ಎಳೆದು ಸರಿಮಾಡಿದರು.